ಮಗುವಿನ ಮಾತು ಬಲ್ಲವರು ಯಾರಿದ್ದಾರೆ? ಮಲೆನಾಡಿನ ವಲಸೆ, ಬುಡಕಟ್ಟು ಮಕ್ಕಳ ಬೆಂಬಲ ಸೇವೆಗಳ ವಿಮರ್ಶೆ

ಅರೇಬಿಕಾ ಹಣ್ಣಾಗುವ ನವೆಂಬರಿಗೆ ಕೊಪ್ಪ, ಬಾಳೆಹೊನ್ನೂರು, ಮೂಡಿಗೆರೆ ಕಡೆಯ ಕಾಫಿ ತೋಟದ ಲೈನುಗಳು, ಅಂದರೆ ಕೂಲಿಕಾರರ ಸಾಲುಮನೆಗಳು, ತುಂಬುತ್ತವೆ. ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದಿಂದ ಬಂದ ಕುಟುಂಬಗಳು ರೊಬಸ್ಟಾ ಕೊಯ್ಲು ಮುಗಿಯುವ ಮಾರ್ಚ್‌ವರೆಗೆ ಇರುತ್ತವೆ. ಕೆಲವು ಮಳೆಗಾಲಕ್ಕೂ ಇಲ್ಲೇ ಉಳಿದುಬಿಡುತ್ತವೆ. ಅಪ್ಪ ಅಮ್ಮನ ಜೊತೆ ಬಂದ ಮಕ್ಕಳಿಗೆ ಶಾಲೆ, ಆಪ್ತ ಸಮಾಲೋಚನೆ, ಆರೋಗ್ಯ, ರಕ್ಷಣೆ ಎಂದು ಕಾಗದದ ಮೇಲೆ ಸೇವೆಗಳಿಗೇನೂ ಕೊರತೆಯಿಲ್ಲ. ಶಿವಮೊಗ್ಗದ ಸದಾಶಿವಪುರದ ಹಕ್ಕಿಪಿಕ್ಕಿ ಮಕ್ಕಳು, ಶಿಕಾರಿಪುರ ಸುತ್ತಿನ ಲಂಬಾಣಿ ತಾಂಡಾಗಳ ಮಕ್ಕಳು, ಯಲ್ಲಾಪುರದ ಕಾಡಂಚಿನ ಸಿದ್ದಿ ಮಕ್ಕಳು ಈ ನೆಲದಲ್ಲೇ ಹುಟ್ಟಿದವರು. ಅವರಿಗೂ ಇವೇ ಸೇವೆಗಳು, ಎಡವುವ ಜಾಗಗಳೂ ಬಹುಪಾಲು ಇವೇ. ಈ ಸೇವೆಗಳನ್ನು ತೂಗಿ ನೋಡಿ, ಯಾವುದನ್ನು ಹೇಗೆ ಬಳಸಬೇಕು, ಯಾವುದು ಎಲ್ಲಿ ಕೈಕೊಡುತ್ತದೆ ಎಂದು ಇಲ್ಲಿ ಬರೆದಿದ್ದೇವೆ. ಮುಖ್ಯ ಶಿಕ್ಷಕರು, ತೋಟದ ಮಾಲೀಕರು, ಆಶಾ ಕಾರ್ಯಕರ್ತೆಯರು, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸದಸ್ಯರು ಓದಿದರೆ ಹೆಚ್ಚು ಉಪಯೋಗ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಕಾನೂನು ಗಟ್ಟಿಯಾಗಿದೆ. ತರಗತಿಯ ವಿಧಾನವೂ ಪರವಾಗಿಲ್ಲ. ಮಗುವಿನ ಮನೆಮಾತು ಬಲ್ಲ, ಆ ಕುಟುಂಬದ ಮೇಲೆ ಸಾಲದ ಹಿಡಿತವಿಲ್ಲದ, ಮಾಡಿದ ಕೆಲಸಕ್ಕೆ ಹಣ ಪಡೆಯುವ ಒಬ್ಬ ದೊಡ್ಡವರು ಸಿಕ್ಕ ಕಡೆ ಇವೆಲ್ಲ ನಡೆಯುತ್ತವೆ. ಸಿಗದ ಕಡೆ ಯಾವ ಪದವಿಯ ಸಮಾಲೋಚಕರು ಬಂದರೂ ಮಗುವಿನ ಮುಖ ನೋಡಿಕೊಂಡು ಹೋಗುತ್ತಾರೆ, ಅಷ್ಟೆ.

ದಾಖಲಾತಿಯಿಂದ ಶುರುಮಾಡೋಣ. ಇಡೀ ಸರಪಳಿಯಲ್ಲಿ ಅತ್ಯಂತ ಬಲವಾದ ಕೊಂಡಿ ಇದು. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ 14ನೇ ಕಲಂ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ಹಿಂದೆ ಕಳಿಸುವಂತಿಲ್ಲ. ಆಸ್ಪತ್ರೆಯ ಅಥವಾ ನರ್ಸಮ್ಮನ ದಾಖಲೆ, ಅಂಗನವಾಡಿ ಪುಸ್ತಕ, ಅದೂ ಇಲ್ಲದಿದ್ದರೆ ತಂದೆ ತಾಯಿಯ ಘೋಷಣೆ ಸಾಕು. ವರ್ಗಾವಣೆ ಪತ್ರ ತಡವಾದರೂ ಸೇರಿಸಿಕೊಳ್ಳಲೇಬೇಕು ಎಂದು 5ನೇ ಕಲಂ ಹೇಳುತ್ತದೆ. ನವೆಂಬರಿನಲ್ಲಿ ಬಂದ ಮಗುವಿಗೆ ‘ದಾಖಲಾತಿ ಮುಗಿದಿದೆ’ ಎನ್ನುವುದಕ್ಕೆ 15ನೇ ಕಲಂ ಅಡ್ಡ ಬರುತ್ತದೆ. ಆಧಾರ್ ಇಲ್ಲದಿರುವುದು ದಾಖಲಾತಿ ನಿರಾಕರಿಸಲು ಕಾರಣವಾಗದು. 2018ರ ಸೆಪ್ಟೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇದರಲ್ಲಿ ಗೊಂದಲಕ್ಕೆ ಜಾಗವಿಲ್ಲ.

ಎಡವುವುದು ತರಗತಿ ಯಾವುದು ಎಂಬಲ್ಲಿ. ‘ಕನ್ನಡ ಬರಲ್ವಲ್ಲ, ಒಂದನೇ ಕ್ಲಾಸಿಗೆ ಕೂರಿಸಿ’ ಎಂದು ಹತ್ತು ವರ್ಷದ ಹುಡುಗನನ್ನು ಆರು ವರ್ಷದವರ ನಡುವೆ ಕೂರಿಸಿದರೆ ಅವನು ಎರಡು ವಾರ ನಾಚಿಕೆ ತಡೆದುಕೊಳ್ಳುತ್ತಾನೆ, ಮೂರನೇ ವಾರ ತೋಟದಲ್ಲಿ ಅಮ್ಮನ ಪಕ್ಕ ಕಾಫಿ ಬಿಡಿಸುತ್ತಿರುತ್ತಾನೆ. ಕಾಯ್ದೆಯ 4ನೇ ಕಲಂ ಹೇಳುವುದು ಬೇರೆ: ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಉಳಿದವರ ಸಮಕ್ಕೆ ತರಲು ವಿಶೇಷ ತರಬೇತಿ ಕೊಡಿ. ಕೇಂದ್ರದ ಮಾದರಿ ನಿಯಮಗಳಲ್ಲಿ ಈ ತರಬೇತಿಗೆ ಕನಿಷ್ಠ 3 ತಿಂಗಳು, ಗರಿಷ್ಠ 2 ವರ್ಷದ ಅವಧಿ ಇದೆ. ಹಾಜರಿ ಪುಸ್ತಕದಲ್ಲಿ ಹೆಸರು ಐದನೇ ತರಗತಿಯಲ್ಲಿರಲಿ, ದಿನಕ್ಕೆ ಎರಡು ಅವಧಿ ಮಾತ್ರ ಅಕ್ಷರಕ್ಕೆಂದು ಬೇರೆ ಕೂರಲಿ. ಆಟ, ಊಟ, ಗಣಿತ, ಚಿತ್ರ ಎಲ್ಲವೂ ಓರಗೆಯವರ ಜೊತೆಗೇ ಇರಲಿ.

ಗುರುತಿನ ಭಯದ ಮಾತನ್ನೂ ಇಲ್ಲೇ ಹೇಳಬೇಕು. ಬಂಗಾಳಿ ಅಥವಾ ಅಸ್ಸಾಮಿ ಮಾತಾಡುವ ಕುಟುಂಬವನ್ನು ಕಂಡ ಕೂಡಲೇ ‘ಬಾಂಗ್ಲಾದವರಾ?’ ಎಂದು ಕೇಳುವ ರೂಢಿ ನಮ್ಮ ತೋಟದ ಊರುಗಳಲ್ಲಿ ಬೆಳೆದಿದೆ. ದಾಖಲೆ ಪರಿಶೀಲನೆ ಪೊಲೀಸರ ಕೆಲಸ, ಶಾಲೆಯದಲ್ಲ. ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಗು ಎನ್ನುತ್ತದೆಯೇ ಹೊರತು ಮಗುವಿನ ಪೌರತ್ವ ಕೇಳುವುದಿಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಮಾಡಿಲ್ಲ, ನಿಜ. ಆದರೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು 1992ರ ಡಿಸೆಂಬರಿನಲ್ಲೇ ಒಪ್ಪಿಕೊಂಡಿದೆ. ಅದರ 22ನೇ ವಿಧಿ ನಿರಾಶ್ರಿತ ಮಕ್ಕಳದು, 30ನೇ ವಿಧಿ ಅಲ್ಪಸಂಖ್ಯಾತ ಮತ್ತು ಮೂಲನಿವಾಸಿ ಮಕ್ಕಳು ತಮ್ಮ ಭಾಷೆ ಬಳಸುವ ಹಕ್ಕಿನದು. 2025ರ ಫೆಬ್ರುವರಿಯಲ್ಲಿ ರೋಹಿಂಗ್ಯಾ ಮಕ್ಕಳ ಅರ್ಜಿ ಬಂದಾಗಲೂ ಸುಪ್ರೀಂ ಕೋರ್ಟ್, ಮಕ್ಕಳು ನೇರ ಸರ್ಕಾರಿ ಶಾಲೆಗೆ ಹೋಗಿ ದಾಖಲಾತಿ ಕೇಳಲಿ, ನಿರಾಕರಿಸಿದರೆ ಹೈಕೋರ್ಟಿಗೆ ಹೋಗಬಹುದು ಎಂದಿತು. ದಾಖಲಾತಿಯ ದಿನ ಶಿಕ್ಷಕರು ಈ ಪ್ರಶ್ನೆ ಎತ್ತದಿದ್ದರೇ ಆ ತಾಯಿ ಮರುದಿನ ಎರಡನೇ ಮಗುವನ್ನೂ ಕರೆತರುತ್ತಾಳೆ.

ಭಾಷೆಯ ವಿಷಯ ದೊಡ್ಡದು. ಸಾಮಾನ್ಯವಾಗಿ ನಡೆಯುವ ಮೊದಲ ತಪ್ಪು, ‘ಉತ್ತರದವರು, ಹಿಂದಿ ಮೇಷ್ಟ್ರು ನೋಡಿಕೊಳ್ಳಲಿ’ ಎನ್ನುವುದು. ಜಾರ್ಖಂಡಿನಿಂದ ಬಂದ ಮಗುವಿನ ಮನೆಮಾತು ಸಾದ್ರಿ, ಸಂತಾಲಿ, ಮುಂಡಾರಿ, ಕುಡುಖ್ ಯಾವುದೂ ಇರಬಹುದು. ಅಸ್ಸಾಮಿನ ಚಹಾ ತೋಟದಿಂದ ಬಂದ ಆದಿವಾಸಿ ಕುಟುಂಬದಲ್ಲಿ ಸಾದ್ರಿ, ಇನ್ನೊಂದು ಕುಟುಂಬದಲ್ಲಿ ಬೋಡೊ. ಇವರಲ್ಲಿ ಹಲವರಿಗೆ ಹಿಂದಿ ಸಂತೆಯ ಭಾಷೆ, ಮಕ್ಕಳಿಗೆ ಅದೂ ಅರೆಬರೆ. ದಾಖಲಾತಿ ಅರ್ಜಿಯಲ್ಲಿ ‘ಮಾತೃಭಾಷೆ’ ಎಂಬ ಜಾಗದಲ್ಲಿ ಕಣ್ಣುಮುಚ್ಚಿ ‘ಹಿಂದಿ’ ಎಂದು ಬರೆದರೆ ಮುಂದಿನ ಎಲ್ಲ ಸೇವೆಯೂ ಅದೇ ತಪ್ಪಿನ ಮೇಲೆ ನಿಲ್ಲುತ್ತದೆ. ಕೇಳಬೇಕಾದ ಪ್ರಶ್ನೆ: ‘ಅಜ್ಜಿ ಮಗುವಿನ ಜೊತೆ ಯಾವ ಮಾತು ಆಡುತ್ತಾರೆ?’ ಭಾಷೆಯ ಹೆಸರು ಕೇಳಿದರೆ ಸಂಕೋಚದಿಂದ ಹಿಂದಿ ಎನ್ನುವವರೂ ಅಜ್ಜಿಯ ಮಾತು ಕೇಳಿದರೆ ನಿಜ ಹೇಳುತ್ತಾರೆ.

ಕುಡುಖ್ ನಮ್ಮದೇ ದ್ರಾವಿಡ ಬಳಗದ ಭಾಷೆ ಎಂಬುದು ಬಹಳ ಶಿಕ್ಷಕರಿಗೆ ಗೊತ್ತಿಲ್ಲ. ಅದರಲ್ಲಿ ‘ನೀನ್’ ಎಂದರೆ ನೀನು, ‘ಖನ್’ ಎಂದರೆ ಕಣ್ಣು. ಸಾವಿರಾರು ಮೈಲಿ ದಾಟಿ ಬಂದ ಮಗುವಿಗೆ ಮೊದಲ ದಿನ ಈ ಎರಡು ಪದ ಹೇಳಿ ನೋಡಿ, ಮುಖ ಅರಳುತ್ತದೆ. ಹಕ್ಕಿಪಿಕ್ಕಿಗಳ ವಾಗ್ರಿ ಮಾತು ಗುಜರಾತಿಗೆ ಹತ್ತಿರದ್ದು. ಲಂಬಾಣಿಗೆ ಸ್ವಂತ ಲಿಪಿ ಇಲ್ಲದ್ದರಿಂದ ನಮ್ಮಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ಮಗು ಹೇಳಿದ ಕಥೆಯನ್ನು ಅದರ ಮಾತಿನಲ್ಲೇ ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟು ಓದಿಸುವುದು ಇಂಥ ಕಡೆ ಬಹಳ ಒಳ್ಳೆಯ ದಾರಿ. ಅಕ್ಷರ ಹೊಸದು, ಪದ ಹಳೆಯದು. ಮಗು ಒಂದು ಹೊತ್ತಿಗೆ ಒಂದೇ ಭಾರ ಹೊರುತ್ತದೆ.

ಉಚ್ಚಾರದ ‘ತಪ್ಪು’ಗಳಿಗೂ ಕಾರಣವಿದೆ. ಅಸ್ಸಾಮಿಯಲ್ಲಿ ತ ಮತ್ತು ಟ ಎಂಬ ಭೇದವಿಲ್ಲ, ಎರಡೂ ನಡುವಿನ ಒಂದೇ ಧ್ವನಿ. ಬಂಗಾಳಿಯಲ್ಲಿ ವ ಇಲ್ಲ, ಬ ಆಗುತ್ತದೆ. ನಮ್ಮ ಳ ಈ ಎರಡರಲ್ಲೂ ಇಲ್ಲ. ಬಂಗಾಳಿ ಕಿವಿಗೆ ಹ್ರಸ್ವ ದೀರ್ಘ ಬೇರೆ ಬೇರೆ ಕೇಳಿಸುವುದಿಲ್ಲ, ಹಾಗಾಗಿ ‘ಕರು’ ಮತ್ತು ‘ಕಾರು’ ಕಷ್ಟವಾಗದಿದ್ದರೂ ‘ಬಿಡು’ ‘ಬೀಡು’ ಕಲಸಿಹೋಗುತ್ತವೆ. ಉಕ್ತಲೇಖನದಲ್ಲಿ ಇಂಥ ತಪ್ಪಿಗೆ ಕೆಂಪು ಗೆರೆ ಎಳೆಯುತ್ತ ಹೋದರೆ ಮಗು ಬರೆಯುವುದನ್ನೇ ಬಿಡುತ್ತದೆ. ಮೊದಲ ಮೂರು ತಿಂಗಳು ಇದನ್ನು ತಿದ್ದದೆ, ಜೋಡಿ ಪದಗಳನ್ನು ಚಿತ್ರದ ಜೊತೆ ಕೇಳಿಸುತ್ತ ಹೋಗಬೇಕು. ಕಿವಿ ಮೊದಲು, ನಾಲಗೆ ಆಮೇಲೆ, ಕೈ ಕೊನೆಗೆ.

ಈ ಕೆಲಸಕ್ಕೆ ನಮ್ಮ ನಲಿ ಕಲಿ ಪದ್ಧತಿ ಚೆನ್ನಾಗಿ ಒದಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಗು ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿದೆಯೋ ಅಲ್ಲಿಂದಲೇ ಮುಂದೆ ಹೋಗುತ್ತದೆ. ಹದಿನೈದು ದಿನ ಊರಿಗೆ ಹೋಗಿ ಬಂದರೂ ಬಿಟ್ಟ ಕಾರ್ಡಿನಿಂದ ಹಿಡಿಯಬಹುದು. ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬಾರದೆ ರ, ಗ, ಸ, ದ, ಅ ಎಂದು ಬರುವುದರಿಂದ ಮೊದಲ ವಾರದಲ್ಲೇ ಸರ, ಗರಗಸ, ಅರಸ ಓದಬಹುದು. ಹೊಸಬರಿಗೆ ಇದು ದೊಡ್ಡ ಧೈರ್ಯ. ಕೊರತೆಯೂ ಇದೆ: ಕಾರ್ಡುಗಳು ಮಗುವಿಗೆ ಮಾತಾಡುವ ಕನ್ನಡ ಆಗಲೇ ಬರುತ್ತದೆಂದು ನಂಬಿ ಮಾಡಿದವು. ‘ಅಗಸ’ ಎಂದು ಓದಿದ ಮಗುವಿಗೆ ಅಗಸ ಎಂದರೆ ಯಾರು ಎಂದು ಗೊತ್ತಿರುವುದಿಲ್ಲ. ಓದಿದ ಪ್ರತಿ ಪದಕ್ಕೂ ಚಿತ್ರ, ವಸ್ತು ಅಥವಾ ಅಭಿನಯ ಸೇರಿಸದಿದ್ದರೆ ಅರ್ಥವಿಲ್ಲದ ಓದು ಬೆಳೆಯುತ್ತದೆ. ಇದನ್ನು ಹಿಡಿಯುವುದು ಸುಲಭ. ಮಗುವಿಗೆ ‘ಸರ ತೋರಿಸು’ ಎನ್ನಿ. ಪದವನ್ನು ತೋರಿಸಿದರೆ ಅಕ್ಷರ ಬಂದಿದೆ, ಕೊರಳನ್ನು ತೋರಿಸಿದರೆ ಕನ್ನಡ ಬಂದಿದೆ.

ಮೊದಲ ಎರಡು ವಾರದ ಪಾಠ ಪುಸ್ತಕದಲ್ಲಿಲ್ಲ. ನೀರು, ಒಂದಕ್ಕೆ, ಎರಡಕ್ಕೆ, ಹೊಟ್ಟೆನೋವು, ಸಾಕು, ಇನ್ನೂ ಬೇಕು, ಬೇಡ, ಹೊಡೆದ, ಬಿದ್ದೆ, ಗೊತ್ತಾಗಲಿಲ್ಲ, ಮನೆಗೆ ಹೋಗಬೇಕು. ಇಂಥ ಸುಮಾರು 30 ಮಾತು ಸಾಕು. ‘ಒಂದಕ್ಕೆ’ ಕೇಳಲು ಬಾರದೆ ಚಡ್ಡಿ ಒದ್ದೆ ಮಾಡಿಕೊಂಡ ಮಗು ಮರುದಿನ ಶಾಲೆಗೆ ಬರುವುದಿಲ್ಲ. ಇನ್ನೊಂದು ಸಂಗತಿ ನಮ್ಮ ಸೀಮೆಗೇ ಸೇರಿದ್ದು. ಪುಸ್ತಕದಲ್ಲಿ ‘ಏನು’ ಎಂದಿದೆ, ಆಟದ ಬಯಲಲ್ಲಿ ‘ಎಂತ’ ಎಂದು ಕೇಳುತ್ತದೆ. ಪುಸ್ತಕದ ಮಾತು ಮಾತ್ರ ಕಲಿಸಿದರೆ ಗೆಳೆಯರಾಗುವುದು ತಡವಾಗುತ್ತದೆ. ‘ಎಂತ ಮಾಡ್ತಿದೀಯ?’ ಎಂಬುದನ್ನು ಮೊದಲು ಕಲಿಸಿ, ‘ಏನು’ ಕಾಯಬಲ್ಲುದು.

ಮಗು ಮೂರು ತಿಂಗಳಲ್ಲಿ ಆಟದ ಕನ್ನಡ ಮಾತಾಡತೊಡಗಿದಾಗ ‘ಇನ್ನು ವಿಶೇಷ ತರಬೇತಿ ಬೇಡ’ ಎಂದು ನಿಲ್ಲಿಸುವುದು ಮತ್ತೊಂದು ತಪ್ಪು. ಕೆನಡಾದ ಜಿಮ್ ಕಮಿನ್ಸ್ ವಲಸೆ ಮಕ್ಕಳ ಭಾಷಾ ಕಲಿಕೆ ಕುರಿತು ತೋರಿಸಿಕೊಟ್ಟ ಭೇದ ಇಲ್ಲಿ ಕೆಲಸಕ್ಕೆ ಬರುತ್ತದೆ: ಮಾತುಕತೆಯ ಭಾಷೆ ಸುಮಾರು ಎರಡು ವರ್ಷದಲ್ಲಿ ಓರಗೆಯವರ ಮಟ್ಟಕ್ಕೆ ಬಂದರೆ, ಪಾಠ ಅರ್ಥಮಾಡಿಕೊಂಡು ಬರೆಯುವ ಭಾಷೆಗೆ ಐದರಿಂದ ಏಳು ವರ್ಷ ಬೇಕು. ಸೊಗಸಾಗಿ ಹರಟುವ ಹುಡುಗಿ ಸಮಾಜ ವಿಜ್ಞಾನದಲ್ಲಿ ಸೊನ್ನೆ ತೆಗೆದರೆ ಅದು ಸೋಮಾರಿತನವಲ್ಲ.

ಮನೆಮಾತಿನಲ್ಲೇ ಶಾಲೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಘಟ್ಟದ ಅಂಚಿನಲ್ಲೇ ಉದಾಹರಣೆಯಿದೆ. ಮುಂಡಗೋಡಿನಲ್ಲಿ 1966ರಿಂದ ಟಿಬೆಟಿಯನ್ ನಿರಾಶ್ರಿತರ ವಸತಿ ಇದೆ. ಟಿಬೆಟಿಯನ್ ಮಕ್ಕಳಿಗಾಗಿ ಕೇಂದ್ರ ಸರ್ಕಾರ 1961ರಲ್ಲೇ ಪ್ರತ್ಯೇಕ ಶಾಲಾ ಆಡಳಿತ ಸಂಸ್ಥೆ ಮಾಡಿತು. ಪ್ರಾಥಮಿಕ ಹಂತದಲ್ಲಿ ತಮ್ಮದೇ ಭಾಷೆ, ತಮ್ಮದೇ ಶಿಕ್ಷಕರು. ದೇಶ ಕಳೆದುಕೊಂಡವರ ಮಕ್ಕಳಿಗೆ ಆ ಏರ್ಪಾಡು ಆಯಿತು. ಇದೇ ದೇಶದೊಳಗೆ ರೈಲು ಹತ್ತಿ ಬಂದ ಸಂತಾಲಿ ಮಗುವಿಗೆ ಏನೂ ಆಗಿಲ್ಲ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು 1956ರಿಂದಲೂ ಹೇಳುತ್ತಿದೆ. ಪ್ರತಿ ತೋಟಕ್ಕೊಂದು ಸಂತಾಲಿ ಶಾಲೆ ಆಗದ ಮಾತು. ವಾರಕ್ಕೆ ಎರಡು ದಿನ ಬರುವ ಒಬ್ಬ ಸಂತಾಲಿ ಅಕ್ಕ ಆಗುವ ಮಾತು.

ಅಲ್ಲಿಗೆ ದುಭಾಷಿಯ ವಿಷಯ ಬಂತು. ಈ ವಿಮರ್ಶೆಯ ತಿರುಳು ಇದೇ.

ತೋಟಗಳಲ್ಲಿ ದುಭಾಷಿ ಎಂದು ಕರೆತರುವುದು ಮೂವರಲ್ಲಿ ಒಬ್ಬರನ್ನು: ಮೇಸ್ತ್ರಿ, ತೋಟದ ಲೆಕ್ಕ ಬರೆಯುವ ರೈಟರು, ಇಲ್ಲವೇ ಕನ್ನಡ ಕಲಿತ ಅದೇ ಮನೆಯ ದೊಡ್ಡ ಮಗು. ಮೂರೂ ಬೇಡ. ಕುಟುಂಬವನ್ನು ಕರೆತಂದ ಮೇಸ್ತ್ರಿಯ ಬಳಿ ಅವರ ಮುಂಗಡದ ಲೆಕ್ಕ ಇರುತ್ತದೆ. ಅವನ ಎದುರು ತಾಯಿ ‘ಎಲ್ಲ ಸರಿಯಿದೆ’ ಎನ್ನದೆ ಬೇರೇನು ಹೇಳಿಯಾಳು? ರೈಟರು ತೋಟದ ಪರ. ದೊಡ್ಡ ಮಗುವಿನ ಮೂಲಕ ತಂಗಿಯ ತೊಂದರೆ ಕೇಳಿದರೆ ಅಣ್ಣ ಕೇಳಬಾರದ್ದನ್ನು ಕೇಳುತ್ತಾನೆ, ಹೇಳಬಾರದ ಭಾರ ಹೊರುತ್ತಾನೆ. ಕುಡಿತ, ಹೊಡೆತದ ಮಾತು ಬಂದಾಗ ತನಗೆ ಬೇಕಾದಂತೆ ತಿರುಚುತ್ತಾನೆ. ಆ ತಿರುಚುವಿಕೆಗೆ ಮಗುವನ್ನು ದೂರುವಂತಿಲ್ಲ.

ಮತ್ತೆ ಯಾರು? ಪಕ್ಕದ ತೋಟದಲ್ಲಿ ಕೆಲವು ವರ್ಷಗಳಿಂದ ನೆಲೆಸಿದ, ಕನ್ನಡ ಮಾತಾಡಬಲ್ಲ ಅದೇ ಭಾಷೆಯ ಹೆಂಗಸು ಅತ್ಯುತ್ತಮ. ಕಾಲೇಜು ಓದಿದವರೇ ಆಗಬೇಕಿಲ್ಲ. ಕೊಯ್ಲಿನ ದಿನಗಳಲ್ಲಿ ಕೂಲಿ ಕಿಲೋ ಲೆಕ್ಕ. ಹಣ್ಣು ಜೋರಾಗಿರುವ ವಾರದಲ್ಲಿ ಅರ್ಧ ದಿನ ಬಿಟ್ಟು ಬಂದರೆ ಆಕೆಗೆ ದೊಡ್ಡ ನಷ್ಟ. ಆದ್ದರಿಂದ ಭೇಟಿಯನ್ನು ವಾರದ ರಜೆಗೆ ಇಲ್ಲವೇ ಸಂತೆ ದಿನಕ್ಕೆ ಹೊಂದಿಸಿ, ಆ ದಿನ ಆಕೆ ಬಿಡಿಸಬಹುದಾಗಿದ್ದ ಹಣ್ಣಿನ ಕೂಲಿಗಿಂತ ಕಡಿಮೆಯಾಗದಂತೆ ಹಣ ಕೊಡಬೇಕು. ‘ಸೇವೆ ಅಲ್ವಾ ಅಮ್ಮಾ’ ಎಂದು ಬರಿಗೈಲಿ ಕಳಿಸಿದ ಕಡೆ ಮೂರನೇ ಭೇಟಿಗೆ ಯಾರೂ ಬರುವುದಿಲ್ಲ.

ಮಾತುಕತೆಗೆ ಮೊದಲು ಹತ್ತು ನಿಮಿಷ ದುಭಾಷಿಯ ಜೊತೆ ಕೂರಬೇಕು. ಇಂದು ಏನು ಕೇಳುತ್ತೇವೆ, ಯಾವ ಪದಕ್ಕೆ ಅವರ ಭಾಷೆಯಲ್ಲಿ ಪದವಿಲ್ಲ, ಯಾವ ಮಾತನ್ನು ಗಂಡಸರ ಎದುರು ಆಡುವುದಿಲ್ಲ ಎಂದು ಮೊದಲೇ ತಿಳಿಯುವುದು ಈ ಹತ್ತು ನಿಮಿಷದಲ್ಲಿ. ‘ಖಿನ್ನತೆ’, ‘ಆತಂಕ’ ಎಂಬ ಪದಗಳನ್ನು ಅನುವಾದ ಮಾಡಿಸಲು ಹೋಗಬಾರದು. ನಿದ್ದೆ ಬರುತ್ತದೆಯಾ, ಊಟ ಸೇರುತ್ತದೆಯಾ, ಆಡುತ್ತದೆಯಾ ಎಂದು ಕೇಳಿದರೆ ಸಾಕು. ಮೂವರೂ ತ್ರಿಕೋನವಾಗಿ ಕೂರಬೇಕು. ಸಮಾಲೋಚಕರು ಮಗುವನ್ನು ನೋಡಿ ಮಾತಾಡಬೇಕು, ದುಭಾಷಿಯನ್ನಲ್ಲ. ಒಂದು ಸಲಕ್ಕೆ ಒಂದೇ ಚಿಕ್ಕ ವಾಕ್ಯ. ದುಭಾಷಿ ‘ಅವಳಿಗೆ ಭಯವಂತೆ’ ಎನ್ನದೆ ಮಗುವಿನ ಮಾತನ್ನು ಹಾಗೆಯೇ ‘ನನಗೆ ಭಯ’ ಎಂದು ಹೇಳಬೇಕು. ‘ಅಂತೆ’ ಸೇರಿದ ಕೂಡಲೇ ಮಗು ಕೋಣೆಯಿಂದ ಹೊರಗೆ ಹೋದಂತೆ. ಮಗು ಐದು ವಾಕ್ಯ ಹೇಳಿ ದುಭಾಷಿ ಒಂದೇ ಹೇಳಿದರೆ ನಿಲ್ಲಿಸಿ ಮತ್ತೆ ಕೇಳಬೇಕು. ಮುಗಿದ ಮೇಲೆ ದುಭಾಷಿಯ ಜೊತೆ ಇನ್ನೊಂದು ಹತ್ತು ನಿಮಿಷ. ಆಕೆಯೂ ಅದೇ ಕಷ್ಟ ದಾಟಿ ಬಂದವಳು, ಕೇಳಿದ್ದು ಆಕೆಯನ್ನೂ ಕಾಡುತ್ತದೆ. ಲೈನಿನಲ್ಲಿ ಮಾತು ಹರಡುವ ಭಯ ದೊಡ್ಡದು. ಗುಟ್ಟು ಕಾಯುವ ಮಾತನ್ನು ಮಗು, ತಾಯಿ ಇಬ್ಬರೆದುರೇ ಕೊಡಿಸಬೇಕು. ಲೈಂಗಿಕ ದೌರ್ಜನ್ಯದ ಸಂಶಯವಿದ್ದರಂತೂ ಅದೇ ಲೈನಿನವರು ಬೇಡವೇ ಬೇಡ.

ಸಮಾಲೋಚನೆಯ ಗುಣಮಟ್ಟ ಅಳೆಯಲು ಪೋಷಕರಿಗೂ ಶಾಲೆಗೂ ಒಂದು ಸುಲಭ ಗುರುತು ಇದೆ. ಮೊದಲ ಭೇಟಿಯಲ್ಲೇ ‘ಏನಾಯಿತು, ಎಲ್ಲ ಹೇಳು’ ಎಂದು ಒತ್ತಾಯಿಸುವವರನ್ನು ದೂರವಿಡಿ. ಆಘಾತ ಕಂಡ ಮಗುವಿಗೆ ಮತ್ತೆ ಮತ್ತೆ ಕಥೆ ಹೇಳಿಸುವುದು ಗಾಯ ಕೆದರಿದಂತೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಮೂರೇ ಕೆಲಸ: ನೋಡು, ಕೇಳಿಸಿಕೊ, ಜೋಡಿಸು. 2023ರ ಏಪ್ರಿಲ್‌ನಲ್ಲಿ ಸೂಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಲುಕಿದ್ದ ಹಕ್ಕಿಪಿಕ್ಕಿಗಳಲ್ಲಿ ಶಿವಮೊಗ್ಗ ಜಿಲ್ಲೆಯವರೂ ಇದ್ದರು. ಗಿಡಮೂಲಿಕೆ ಎಣ್ಣೆ ಮಾರಲು ತಂದೆ ತಾಯಿ ತಿಂಗಳುಗಟ್ಟಲೆ ಹೊರದೇಶಕ್ಕೆ ಹೋದಾಗ ಅಜ್ಜಿಯ ಬಳಿ ಉಳಿದ ಮಕ್ಕಳಿಗೆ ಫೋನ್ ಬಾರದ ಒಂದು ವಾರ ಎಂದರೆ ಏನು ಎಂದು ಯೋಚಿಸಿ. ಇಂಥ ಮಗುವಿಗೆ ಬೇಕಾದದ್ದು ದಿನವೂ ಅದೇ ಹೊತ್ತಿಗೆ ತೆರೆಯುವ ಶಾಲೆ, ಅದೇ ಮುಖ, ಅದೇ ಆಟ. ನಿದ್ದೆಗೆಡುವುದು, ಹಾಸಿಗೆ ಒದ್ದೆ ಮಾಡುವುದು, ಬೆಚ್ಚಿಬೀಳುವುದು, ಯಾರನ್ನೂ ಬಿಡದೆ ಅಂಟಿಕೊಳ್ಳುವುದು ಒಂದು ತಿಂಗಳು ದಾಟಿದರೆ ತಜ್ಞರ ಬಳಿ ಕರೆದೊಯ್ಯಬೇಕು. ತನಗೆ ತಾನೇ ಗಾಯ ಮಾಡಿಕೊಳ್ಳುವ ಮಾತು ಬಂದರೆ ಅಂದೇ.

ಸಾಮಗ್ರಿಗೆ ಹೆಚ್ಚು ಹಣ ಸುರಿಯಬೇಡಿ. ಒಂದು ಚಾಪೆ, ಬಿಳಿ ಹಾಳೆ, ಬಣ್ಣದ ಕಡ್ಡಿ, ಜೇಡಿಮಣ್ಣು, ಬಟ್ಟೆಯ ಗೊಂಬೆ, ಚೆಂಡು ಇಷ್ಟೇ ಸಾಕು. ದುಬಾರಿ ‘ಥೆರಪಿ ಕಿಟ್’ಗಳಲ್ಲಿ ಬರುವ ಮುಖಭಾವದ ಕಾರ್ಡುಗಳು ಈ ಮಕ್ಕಳಿಗೆ ಅಷ್ಟಾಗಿ ಒಗ್ಗುವುದಿಲ್ಲ. ಮಗು ಬಿಡಿಸಿದ ಕಪ್ಪು ಮನೆಯನ್ನು ನೋಡಿ ಅರ್ಥ ಹೇಳುವವರನ್ನೂ ನಂಬಬೇಡಿ. ಪೆಟ್ಟಿಗೆಯಲ್ಲಿ ಉಳಿದಿದ್ದದ್ದು ಕಪ್ಪು ಬಣ್ಣ ಒಂದೇ ಇರಬಹುದು. ಆರರಿಂದ ಒಂಬತ್ತು ವರ್ಷದವರಿಗೆ 30, 40 ನಿಮಿಷಕ್ಕಿಂತ ಉದ್ದದ ಭೇಟಿ ವ್ಯರ್ಥ. ಜಾಗ ಲೈನಿನ ಹೊರಗಿರಲಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ ಇದಕ್ಕೆ ಚೆನ್ನಾದ ಜಾಗ, ಅಲ್ಲಿಗೆ ಹೋದರೆ ಯಾರೂ ‘ಎಂತಕ್ಕೆ ಹೋಗಿದ್ದೆ’ ಎಂದು ಕೇಳುವುದಿಲ್ಲ.

ಮೌನವಾಗಿರುವ ಮಗುವಿನ ವಿಷಯದಲ್ಲಿ ಆಗುವ ಅನ್ಯಾಯ ನಮ್ಮನ್ನು ಅತಿ ಹೆಚ್ಚು ಕಾಡುತ್ತದೆ. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ತಿಂಗಳು ಬಾಯಿ ಬಿಡದಿರುವುದು ಸಹಜ. ಅದು ಕೇಳಿಸಿಕೊಳ್ಳುವ ಕಾಲ. ಅದನ್ನು ತಿಳಿಯದೆ ‘ಬುದ್ಧಿ ಕಡಿಮೆ’ ಎಂದು ಪರೀಕ್ಷೆಗೆ ಕಳಿಸುತ್ತಾರೆ. ಅಲ್ಲಿ ಬುದ್ಧಿಮಟ್ಟ ಅಳೆಯುವ ಬಿನೆ ಕಾಮತ್ ಪರೀಕ್ಷೆ ಕನ್ನಡದಲ್ಲಿ ನಡೆದರೆ ಅಂಕ ಪಾತಾಳಕ್ಕೆ ಇಳಿಯುತ್ತದೆ, ಏಕೆಂದರೆ ಅದರ ಬಹುಪಾಲು ಪ್ರಶ್ನೆ ಭಾಷೆಯ ಮೇಲೆ ನಿಂತಿದೆ. ಆ ಸಂಖ್ಯೆ ಮಗುವಿನ ಕಡತದಲ್ಲಿ ಉಳಿದುಬಿಡುತ್ತದೆ. ಪರೀಕ್ಷೆ ಬೇಕೇ ಆದರೆ ಸೆಗ್ವಿನ್ ಫಾರ್ಮ್ ಬೋರ್ಡ್, ಬಣ್ಣದ ಪ್ರೋಗ್ರೆಸಿವ್ ಮ್ಯಾಟ್ರಿಸಸ್‌ನಂಥ ಮಾತಿಲ್ಲದ ಪರೀಕ್ಷೆ ಕೇಳಿ. ಅದಕ್ಕೂ ಮೊದಲು ಎರಡು ಕೆಲಸ. ತಾಯಿಯನ್ನು ದುಭಾಷಿಯ ಮೂಲಕ ಕೇಳಿ: ಮನೆಯಲ್ಲಿ ಮಾತಾಡುತ್ತದೆಯಾ, ಊರಲ್ಲಿ ಯಾವ ವಯಸ್ಸಿಗೆ ಮಾತು ಬಂತು, ತಮ್ಮ ತಂಗಿಯರಿಗೆ ಕಥೆ ಹೇಳುತ್ತದೆಯಾ? ಹೌದಾದರೆ ತೊಂದರೆ ಮಗುವಿನದಲ್ಲ. ಮನೆಮಾತೂ ತೊದಲಾಗಿದ್ದರೆ ಮೊದಲು ಕಿವಿ ನೋಡಿಸಿ. ಕಿವಿ ಸೋರುವುದನ್ನು ವರ್ಷಗಟ್ಟಲೆ ಹಾಗೇ ಬಿಟ್ಟ ಮಕ್ಕಳು ಲೈನುಗಳಲ್ಲಿ ಕಡಿಮೆಯಿಲ್ಲ. ಶಾಲಾ ಆರೋಗ್ಯ ತಪಾಸಣೆಯ ತಂಡ ಬಂದಾಗ ತೋರಿಸಿ, ಚೀಟಿ ಪಡೆದು ಶಿವಮೊಗ್ಗದ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷೆ ಮಾಡಿಸಬಹುದು.

ರಕ್ಷಣೆಯ ಕಡೆಗೆ ಬಂದರೆ, ಮಕ್ಕಳ ಸಹಾಯವಾಣಿ 1098 ಇಡೀ ದೇಶದಲ್ಲಿ ಹಗಲೂ ರಾತ್ರಿ ಉಚಿತ. 1996ರಲ್ಲಿ ಮುಂಬೈಯಲ್ಲಿ ಶುರುವಾಗಿ, 2023ರಿಂದ ಸರ್ಕಾರವೇ ನಡೆಸುವ, ತುರ್ತು ಸಂಖ್ಯೆ 112ರ ಜೊತೆ ಜೋಡಿಸಿದ ಸೇವೆಯಾಗಿದೆ. ಕರೆ ಮಾಡುವವರು ಮೊದಲ ವಾಕ್ಯದಲ್ಲೇ ಮಗು ಆಡುವ ಭಾಷೆ ಯಾವುದು ಎಂದು ಹೇಳಬೇಕು, ಎರಡನೆಯದರಲ್ಲಿ ತೋಟದ ಹೆಸರು, ಹತ್ತಿರದ ಬಸ್ ನಿಲ್ದಾಣ, ಜೀಪು ಎಲ್ಲಿಯವರೆಗೆ ಬರುತ್ತದೆ ಎಂಬುದು. ನಮ್ಮ ಒಂಟಿಮನೆ, ಒಳದಾರಿಗಳಲ್ಲಿ ವಿಳಾಸ ಹುಡುಕುವುದರಲ್ಲೇ ಸಂಜೆಯಾಗುತ್ತದೆ. ರಕ್ಷಣೆ ಬೇಕಾದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಬಾಲಮಂದಿರ ಕೊನೆಯ ದಾರಿ ಎಂಬುದು 2015ರ ಬಾಲನ್ಯಾಯ ಕಾಯ್ದೆಯ ಮೂಲ ತತ್ವ. ತಾಯಿ ಕೆಲಸಕ್ಕೆ ಹೋದಾಗ ಮನೆಯಲ್ಲಿ ಒಂಟಿಯಾಗಿದ್ದ ಮಗುವನ್ನು ‘ಅನಾಥ’ ಎಂದು ಎತ್ತಿಕೊಂಡು ಹೋಗುವುದು ಬೆಂಬಲವಲ್ಲ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯಲ್ಲಿ ಭಾಷೆಯ ಹಕ್ಕು ಸ್ಪಷ್ಟವಾಗಿ ಬರೆದಿದೆ, ಆದರೂ ಕೇಳುವವರು ಕಡಿಮೆ. ದೂರು ಬರೆದುಕೊಂಡ ಭಾಷೆ ಮಗುವಿಗೆ ಅರ್ಥವಾಗದಿದ್ದರೆ ದುಭಾಷಿ ಒದಗಿಸಲೇಬೇಕು ಎಂದು 19ನೇ ಕಲಂ ಹೇಳುತ್ತದೆ. ಹೇಳಿಕೆಗೆ 26, ನ್ಯಾಯಾಲಯಕ್ಕೆ 38ನೇ ಕಲಂ. ದುಭಾಷಿಗಳ ಪಟ್ಟಿ ಇಟ್ಟುಕೊಳ್ಳುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಹೊಣೆ. ಕೊಯ್ಲು ಶುರುವಾಗುವ ಮೊದಲೇ, ಅಕ್ಟೋಬರಿನಲ್ಲಿ, ಸಾದ್ರಿ, ಬಂಗಾಳಿ, ಅಸ್ಸಾಮಿ ಬಲ್ಲವರ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ಪಂಚಾಯಿತಿಯವರು ಪತ್ರ ಬರೆದು ಕೇಳಬಹುದು. ಇಲ್ಲದಿದ್ದರೆ ಮೇಲೆ ಹೇಳಿದಂಥ ಹೆಂಗಸರ ಹೆಸರು ಕೊಡಬಹುದು. ಮಕ್ಕಳ ಗ್ರಾಮಸಭೆಯಲ್ಲಿ ಈ ಮಾತು ಎತ್ತಿದರೆ ನಡಾವಳಿಯಲ್ಲಿ ದಾಖಲಾಗುತ್ತದೆ.

ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಬಗ್ಗೆ ಹೆಚ್ಚು ಹೇಳುವುದಿಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಉಚಿತ ಸೇವೆ, ಬಂಗಾಳಿ, ಅಸ್ಸಾಮಿ ಸೇರಿ 20 ಭಾಷೆಗಳಲ್ಲಿದೆ. ತಾಯಂದಿರಿಗೆ ನಿಜಕ್ಕೂ ಉಪಯುಕ್ತ. ಚಿಕ್ಕ ಮಕ್ಕಳು ಫೋನಿನಲ್ಲಿ ಅಪರಿಚಿತರ ಜೊತೆ ಮಾತಾಡುವುದಿಲ್ಲ. ತೋಟದೊಳಗೆ ಸಿಗ್ನಲ್ ಸಿಗುವ ಗುಡ್ಡ ಯಾವುದೆಂದು ಆಶಾ ಕಾರ್ಯಕರ್ತೆಯೇ ತೋರಿಸಿಕೊಡಬೇಕಾಗುತ್ತದೆ.

ಶಾಲೆ ತಪ್ಪಿಸುವ ಒಂಬತ್ತು ಹತ್ತು ವರ್ಷದ ಹುಡುಗಿಯರಿಗೆ ಸಮಾಲೋಚನೆ ಕೊಡುವ ಮೊದಲು ಸೊಂಟದ ಮೇಲೆ ಯಾರಿದ್ದಾರೆ ನೋಡಿ. ತಮ್ಮನನ್ನು ನೋಡಿಕೊಳ್ಳಲು ಉಳಿದ ಅಕ್ಕನಿಗೆ ಬುದ್ಧಿಮಾತು ಬೇಡ, ತಮ್ಮನಿಗೆ ಅಂಗನವಾಡಿ ಅಥವಾ ಪಂಚಾಯಿತಿಯ ಶಿಶುಪಾಲನಾ ಕೇಂದ್ರ ‘ಕೂಸಿನ ಮನೆ’ ಬೇಕು. ಅದು ಕೊಯ್ಲಿನ ಹೊತ್ತಿಗೆ ತೆರೆಯಬೇಕು, ಕಚೇರಿಯ ಹೊತ್ತಿಗಲ್ಲ.

ಮಂಗನ ಕಾಯಿಲೆಯ ಎಚ್ಚರಿಕೆಯನ್ನೂ ಈ ಮಕ್ಕಳಿಗೆ ಅವರ ಮಾತಿನಲ್ಲೇ ಹೇಳಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ ಇದು, ನಮಗೆ ಅಜ್ಜನ ಕಾಲದ ಪರಿಚಯ. ಈ ರೋಗ ಹರಡುವ ಉಣುಗುಗಳ ಕಾಲ, ಡಿಸೆಂಬರಿನಿಂದ ಮೇವರೆಗೆ, ಮತ್ತು ವಲಸೆ ಕುಟುಂಬಗಳು ಇಲ್ಲಿರುವ ಕಾಲ ಬಹುಪಾಲು ಒಂದೇ. ಸೌದೆಗೆ, ದರಗು (ಒಣ ಎಲೆ) ಗುಡಿಸಲು ಕಾಡಿಗೆ ಹೋಗುವ ಮಗುವಿಗೆ ಕನ್ನಡದ ಭಿತ್ತಿಪತ್ರ ಓದಲು ಬಾರದು. ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು, ಕಾಡಿಗೆ ಹೋಗುವಾಗ ಉಣುಗು ಕಚ್ಚದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಬೇಕು, ಬಂದ ಮೇಲೆ ಬಿಸಿನೀರು ಹಾಕಿಕೊಂಡು ಬಟ್ಟೆ ಬದಲಿಸಬೇಕು, ಏಕಾಏಕಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದೇ ದಿನ ಆಸ್ಪತ್ರೆಗೆ. ನಾಲ್ಕು ವಾಕ್ಯ, ದುಭಾಷಿಯ ದನಿಯಲ್ಲಿ ಫೋನಿಗೆ ಧ್ವನಿಮುದ್ರಣ ಮಾಡಿ ಲೈನಿನಲ್ಲೆಲ್ಲ ಹಂಚಬಹುದು.

ಕೊನೆಗೆ ಹೊರಡುವ ದಿನದ ಕೆಲಸ. ಮಾರ್ಚ್‌ನಲ್ಲಿ ಕುಟುಂಬ ಹೇಳದೆ ಕೇಳದೆ ಹೊರಟಿತು ಎಂದು ಶಾಲೆಗಳು ದೂರುತ್ತವೆ. ಲೆಕ್ಕ ಚುಕ್ತಾ ಆದ ರಾತ್ರಿಯೇ ಬಸ್ಸು ಹತ್ತುವವರು ಟಿ.ಸಿ.ಗೆ ಕಾಯುವುದಿಲ್ಲ. ಆದ್ದರಿಂದ ಫೆಬ್ರುವರಿ ಮೊದಲ ವಾರದಲ್ಲೇ ಒಂದು ಹಾಳೆ ಬರೆದು, ಪ್ಲಾಸ್ಟಿಕ್ ಕವರಿಗೆ ಹಾಕಿ ತಾಯಿಯ ಕೈಗೆ ಕೊಟ್ಟಿರಬೇಕು. ಕನ್ನಡದಲ್ಲಿ ಬರೆದರೆ ಆ ಕಡೆ ಯಾರೂ ಓದಲಾರರು. ಹಿಂದಿ ಅಥವಾ ಇಂಗ್ಲಿಷ್‌ನಲ್ಲಿ ಇರಲಿ. ಮಗುವಿನ ಹೆಸರು, ವಯಸ್ಸು, ಮನೆಮಾತು. ದೇಶದ ಶಾಲಾ ಮಾಹಿತಿ ವ್ಯವಸ್ಥೆ ಯುಡೈಸ್‌ನ ಶಾಶ್ವತ ಶಿಕ್ಷಣ ಸಂಖ್ಯೆ, ರಾಜ್ಯದ ವಿದ್ಯಾರ್ಥಿ ದಾಖಲೆಯ ಎಸ್‌ಎಟಿಎಸ್ ಸಂಖ್ಯೆ. ಎಷ್ಟು ದಿನ ಹಾಜರಿ. ಗಣಿತದಲ್ಲಿ ಎಲ್ಲಿಯವರೆಗೆ, ಓದಿನಲ್ಲಿ ಎಲ್ಲಿಯವರೆಗೆ. ಹಾಕಿಸಿದ ಲಸಿಕೆ, ಕಿವಿ ಕಣ್ಣಿನ ತೊಂದರೆ. ಹೆದರಿದಾಗ ಮಗು ಹೇಗೆ ಸಮಾಧಾನವಾಗುತ್ತದೆ ಎಂಬ ಒಂದು ಸಾಲು. ಹಾಳೆಯ ಬೆನ್ನಿಗೆ ಶಾಲೆಯ ಫೋನ್ ಸಂಖ್ಯೆ, ಮುಂದಿನ ನವೆಂಬರಿಗೆ ಅದೇ ತೋಟಕ್ಕೆ ಬಂದರೆ ನೇರ ತರಗತಿಗೆ ಬಂದು ಕೂರಬಹುದು ಎಂಬ ಬರಹ, ಮುಖ್ಯ ಶಿಕ್ಷಕರ ಸಹಿ, ಮೊಹರು.